ಝೂಮ್ ಐಪೀಸ್: ಮೊದಲು ಚಿಕ್ಕ ನಂಬರ್ ನೋಡಿ

ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಇವತ್ತು ನಾನು ಪಟ್ಟೆತಲೆ ಹೆಬ್ಬಾತುಗಳ ವಲಸೆ ಬಗ್ಗೆ ಮಾತಾಡಬೇಕಿತ್ತು. ಆದರೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಈಗ ಹಕ್ಕಿಗಿಂತ ಐಪೀಸ್, ಅಂದರೆ ದುರ್ಬೀನಿನಲ್ಲಿ ಕಣ್ಣಿಡುವ ಕಡೆಯ ಗಾಜು, ಅದರ ಮಾತೇ ಜಾಸ್ತಿ. ಎಲ್ಲರೂ ದುಡ್ಡು ಹಾಕಿ ಒಂದು ಸ್ಪಾಟಿಂಗ್ ಸ್ಕೋಪ್, ಅಂದರೆ ದೂರದ ಹಕ್ಕಿ ನೋಡುವ ದುರ್ಬೀನು, ತರೋಣ ಅಂತ ತೀರ್ಮಾನವಾಯಿತು. ಮುಂದಿನ ಗಾಜು 80 ಮಿಲಿಮೀಟರ್ ಆಸುಪಾಸಿನ ಸ್ಕೋಪ್ ಅನ್ನೋದೂ ಬೇಗ ಇತ್ಯರ್ಥವಾಯಿತು. ತಿರುಗಿಸಿ ವರ್ಧನೆ ಹೆಚ್ಚು ಕಡಿಮೆ ಮಾಡುವ ಝೂಮ್ ಐಪೀಸ್ ಯಾವುದು ಅನ್ನೋ ಜಗಳ ಮಾತ್ರ ಮುಗಿದಿಲ್ಲ. ನವೆಂಬರ್‌ಗೆ ಹೆಬ್ಬಾತುಗಳು ಬಂದಿಳಿಯುತ್ತವೆ. ಖಜಾಂಚಿಗಳು ಫೋನ್ ಮಾಡಿ, "ಸರ್, ವಲಸೆ ಆಮೇಲೆ ಹೇಳಿ, ಮೊದಲು ಇದನ್ನ ಬಗೆಹರಿಸಿ" ಅಂದರು.

ಬಗೆಹರಿಸುತ್ತೇನೆ. ನೀವೆಲ್ಲ ನೋಡುವುದು ದೊಡ್ಡ ನಂಬರ್. 20–60, ಅಂದರೆ 20ರಿಂದ 60 ಪಟ್ಟು ವರ್ಧನೆ, ಅಂತ ಬರೆದಿದ್ದರೆ ನಿಮಗೆ ಕಾಣೋದು 60. ಯಾರೋ 25–75 ತೋರಿಸಿದರೆ, ಓಹೋ, ಇದು ಇನ್ನೂ ಒಳ್ಳೇದು! ನಾನು ಹೇಳೋದು ಚಿಕ್ಕ ನಂಬರ್ ನೋಡಿ ಅಂತ. ಆ ಚಿಕ್ಕ ನಂಬರಿನಲ್ಲಿ ಎಷ್ಟು ಅಗಲ ಕಾಣುತ್ತದೆ ಅಂತ ಕೇಳಿ. ನೀವು ಕೆರೆ ದಂಡೆಯಲ್ಲಿ ಮುಕ್ಕಾಲು ಪಾಲು ಹೊತ್ತು ಇರೋದು ಅಲ್ಲೇ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಎದ್ದು ಹೋಗಬೇಡಿ. ಮುಂದಿನ ಗಾಜಿನ ಅಗಲವನ್ನು ವರ್ಧನೆಯಿಂದ ಭಾಗಿಸಿ. 80 ಮಿಲಿಮೀಟರ್ ಸ್ಕೋಪ್, 20 ಪಟ್ಟು: ಕಣ್ಣಿಗೆ ಬರುವ ಬೆಳಕಿನ ಕಂಬಿ 4 ಮಿಲಿಮೀಟರ್ ದಪ್ಪ. ಇದಕ್ಕೇ ಎಕ್ಸಿಟ್ ಪ್ಯುಪಿಲ್ ಅನ್ನೋದು. ಅದೇ ಸ್ಕೋಪನ್ನು 60ಕ್ಕೆ ತಿರುಗಿಸಿದರೆ 1.33. ವರ್ಧನೆ ಮೂರು ಪಟ್ಟಾದರೆ ಚಿತ್ರದ ಬೆಳಕು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೆಳಗಿನ ಮಬ್ಬಿನಲ್ಲಿ 60ಕ್ಕೆ ತಿರುಗಿಸಿ "ಸ್ಕೋಪ್ ಸರಿ ಇಲ್ಲ" ಅನ್ನುವವರಿದ್ದಾರೆ. ಸ್ಕೋಪ್ ಸರಿಯಾಗೇ ಇದೆ!

ಇನ್ನು ಅಗಲದ ವಿಷಯ. ಒಂದು ಕಿಲೋಮೀಟರ್ ದೂರದಲ್ಲಿ ಸಾಮಾನ್ಯ 20–60 ಝೂಮ್ 20ರಲ್ಲಿ ಸುಮಾರು 30ರಿಂದ 36 ಮೀಟರ್ ತೋರಿಸುತ್ತದೆ. ಈಚಿನ ಒಳ್ಳೆ ವೈಡ್ ಝೂಮ್‌ಗಳು, ಸ್ವರೋವ್‌ಸ್ಕಿ, ಕೋವಾ ಇವರ 25–60 ಥರದವು, 25ರಲ್ಲೇ 40 ಮೀಟರ್ ದಾಟುತ್ತವೆ. ಗಮನಿಸಿ, ವರ್ಧನೆ ಜಾಸ್ತಿ, ಆದರೂ ಕಾಣುವ ಜಾಗ ಅಗಲ. ಅಗ್ಗದ ಝೂಮ್‌ನ ಕೆಳತುದಿಯಲ್ಲಿ ಮಾತ್ರ ಊದುಗೊಳವೆಯೊಳಗೆ ಇಣುಕಿದ ಹಾಗೆ. ಸುತ್ತ ಕಪ್ಪು, ನಡುವೆ ಒಂದು ಕಿಂಡಿ. ಅದರಲ್ಲಿ ಹೆಬ್ಬಾತಿನ ಹಿಂಡು ಎಣಿಸಿ ನೋಡಿ, ಗೊತ್ತಾಗುತ್ತದೆ.

ಮಾಗಡಿ ಕೆರೆಯ ಕಥೆ ಹೇಳಲೇಬೇಕು. ಕೆಲವರು ಆಗಲೇ ಕೇಳಿದ್ದೀರಿ, ಇರಲಿ. ಬೆಂಗಳೂರಿನ ನೆಂಟರು ಬಂದಿದ್ದರೆ ಹೇಳಿಬಿಡುತ್ತೇನೆ, ಇದು ನಿಮ್ಮ ಮಾಗಡಿ ಅಲ್ಲ. ಗದಗ ಜಿಲ್ಲೆ, ಶಿರಹಟ್ಟಿ ತಾಲ್ಲೂಕು. 2024ರಲ್ಲಿ ಅಂಕಸಮುದ್ರ, ಅಘನಾಶಿನಿ ಅಳಿವೆ ಜೊತೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತಲ್ಲ, ಅದು. ಅಲ್ಲಿನ ಹೆಬ್ಬಾತುಗಳ ಅಭ್ಯಾಸ ನಿಮಗೆ ಗೊತ್ತು. ಹೊಲಗಳಲ್ಲಿ ಮೇಯುತ್ತವೆ, ಬೆಳಗ್ಗೆ ಕೆರೆಗೆ ವಾಪಸ್ ಬಂದು ನೀರಿನಲ್ಲಿ ಕೂರುತ್ತವೆ. ಅಂದರೆ ನಾವು ಆರಾಮಾಗಿ ನೋಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ದಂಡೆ ಕಾದು, ಬಿಸಿ ಗಾಳಿ, ತಣ್ಣನೆ ಗಾಳಿ ಕಲಸಿಕೊಂಡು ಬೆಳಕನ್ನು ಅಲುಗಾಡಿಸುತ್ತಿರುತ್ತದೆ. ವರ್ಧನೆ ಹಕ್ಕಿಯನ್ನು ಹಿಗ್ಗಿಸುವಷ್ಟೇ ಆ ಅಲುಗಾಟವನ್ನೂ ಹಿಗ್ಗಿಸುತ್ತದೆ.

ಅವತ್ತು ನಮ್ಮ ಗೆಳೆಯರೊಬ್ಬರು ಹೊಸ ಸ್ಕೋಪ್ ತಂದಿದ್ದರು. 25–75, ಮುಂದಿನ ಗಾಜು 60 ಮಿಲಿಮೀಟರ್. ಕಂಪನಿ ಹೆಸರು ಬೇಡ, ಗೆಳೆಯರ ಹೆಸರೂ ಬೇಡ, ಅವರು ಇಲ್ಲೇ ಕೂತಿದ್ದಾರೆ. ಸೀದಾ 75ಕ್ಕೆ ಇಟ್ಟರು. ಎಕ್ಸಿಟ್ ಪ್ಯುಪಿಲ್ ಲೆಕ್ಕ ಹಾಕಿ, 0.8 ಮಿಲಿಮೀಟರ್! ದಂಡೆ ಮೇಲೆ ಒಬ್ಬ ಅಜ್ಜ ಕುರಿ ಬಿಟ್ಟುಕೊಂಡು ನಿಂತಿದ್ದರು. "ಏನ್ ನೋಡಾಕತ್ತೀರಿ?" ಅಂದರು. "ಬರ್ರಿ ಅಜ್ಜಾರ, ನೋಡ್ರಿ" ಅಂತ ಕರೆದೆವು. ಅಜ್ಜ ಕಣ್ಣಿಟ್ಟರು. ತಲೆ ಆ ಕಡೆ, ಈ ಕಡೆ. "ಏನೂ ಕಾಣವಲ್ದು ನೋಡ್ರಿ. ಬರೇ ಕತ್ತಲ ಐತಿ" ಅಂದರು. ಇರದೇ ಏನು? ಅಷ್ಟು ಸಣ್ಣ ಬೆಳಕಿನ ಕಂಬಿಗೆ ಕಣ್ಣು ಸರಿಯಾಗಿ ಹಿಡಿಯೋದು ರೂಢಿ ಇದ್ದವರಿಗೇ ಕಷ್ಟ.

ನಾನು ಸುಮ್ನೆ ಕೈ ಹಾಕಿ 25ಕ್ಕೆ ಇಳಿಸಿದೆ. ಅಜ್ಜ ಮತ್ತೆ ಬಗ್ಗಿದರು. "ಅಯ್ಯ, ಇದರ ತಲಿ ಮ್ಯಾಲ ಎರಡು ಕರಿ ಗೆರಿ ಅದಾವಲ್ರಿ!" ಅಂದರು. ಹಕ್ಕಿ ಪುಸ್ತಕದಲ್ಲಿ ಬರೆಯೋದೂ ಅಷ್ಟೇ ಅಲ್ವಾ? ಆಮೇಲೆ ಏಳಲೇ ಇಲ್ಲ. ಹಿಂಡಿನ ಉದ್ದಕ್ಕೂ ಸ್ಕೋಪ್ ತಿರುಗಿಸುತ್ತಾ ಹೋದರು. ಸ್ವಲ್ಪ ಹೊತ್ತಾದ ಮೇಲೆ, "ಆ ಒಂದರ ಕೊಳ್ಳಾಗ ಏನೋ ಕಟ್ಟ್ಯಾರ."

ನಾವೆಲ್ಲ ಎದ್ದು ನಿಂತೆವು. ಮಂಗೋಲಿಯಾದಲ್ಲಿ ಅಕ್ಷರ, ಅಂಕಿ ಇರುವ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಸಿಗುತ್ತವೆ, ಗೊತ್ತಲ್ಲ. ಮೈಸೂರು ಕಡೆ ಹದಿನಾರು ಕೆರೆಯಲ್ಲೂ ಸಿಕ್ಕಿವೆ. ಬೆಳಗಿನಿಂದ 75ರಲ್ಲಿ ಒಂದೊಂದೇ ಹಕ್ಕಿ ಹುಡುಕುತ್ತಿದ್ದ ನಮಗೆ ಅದು ಕಂಡಿರಲಿಲ್ಲ. ಅಗಲವಾಗಿ ನೋಡಿದ ಅಜ್ಜನಿಗೆ ಕಂಡಿತು. ಗೆಳೆಯರು ಓಡಿ ಬಂದು ಮತ್ತೆ 75ಕ್ಕೆ ತಿರುಗಿಸಿದರು. ಎಫ್ ಅಂತ ಒಬ್ಬರು, ಇ ಅಂತ ಇನ್ನೊಬ್ಬರು, ಪಿ ಅಂತ ಮತ್ತೊಬ್ಬರು. ಅಕ್ಷರ ಕುಣಿಯುತ್ತಿತ್ತು. ಕೊನೆಗೆ 40ರ ಹತ್ತಿರ ನಿಲ್ಲಿಸಿ, ಗಾಳಿ ಒಂದು ಕ್ಷಣ ಶಾಂತವಾಗೋದನ್ನು ಕಾದು ಓದಿದೆವು. ಅಷ್ಟರಲ್ಲಿ ಅಜ್ಜ, "ಯಾರ್ ಹಕ್ಕಿ ಇದು? ನಾವೂ ಕುರಿಗೆ ಬಣ್ಣ ಹಚ್ಚತೇವಿ" ಅಂದರು. ಮಂಗೋಲಿಯಾದ್ದು ಅಂದೆವು. "ಅಷ್ಟ ದೂರದಿಂದ ಬಂದು ನಮ್ಮ ಕಡ್ಲಿ ಹೊಲಾನ ಬೇಕಾತೇನು?" ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಐದು ವಿಷಯ ಬರೆದುಕೊಂಡು ಬಂದಿದ್ದೆ, ಇನ್ನೂ ಎರಡನೆಯದರಲ್ಲೇ ಇದ್ದೇನೆ.

ಕನ್ನಡಕದವರು. ಈ ಸಭೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ. ಐಪೀಸಿನ ಗಾಜಿನಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನೋದು ಐ ರಿಲೀಫ್. ಕನ್ನಡಕಕ್ಕೆ ಕನಿಷ್ಠ 15–16 ಮಿಲಿಮೀಟರ್ ಬೇಕು. ಝೂಮ್‌ಗಳಲ್ಲಿ ಒಂದು ತಂಟೆ ಇದೆ. ತಿರುಗಿಸುತ್ತಾ ಹೋದಂತೆ ಇದು ಬದಲಾಗಬಹುದು. ಒಂದು ತುದಿಯಲ್ಲಿ ಚೆನ್ನಾಗಿದ್ದು ನಡುವೆ ಕಮ್ಮಿ ಆಗಬಹುದು. ಅದಕ್ಕೇ ಒಂದೇ ಜಾಗದಲ್ಲಿ ನೋಡಿ ಒಪ್ಪಬೇಡಿ. ಮತ್ತೆ ಹೇಳುತ್ತೇನೆ, ಚಿಕ್ಕ ನಂಬರಿನಿಂದ ಶುರು ಮಾಡಿ.

"ಹಾಗಾದರೆ ಝೂಮ್ ಯಾಕೆ, ವರ್ಧನೆ ಬದಲಾಗದ 30ರ ವೈಡ್ ಐಪೀಸ್ ಒಂದೇ ಸಾಕಲ್ವಾ?" ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದರು. ಒಳ್ಳೆ ಪ್ರಶ್ನೆ. ಒಬ್ಬರೇ ಬಳಸುವ ಸ್ಕೋಪಾದರೆ ನಾನೂ ಹೌದು ಅಂತಿದ್ದೆ. ಆದರೆ ಅಘನಾಶಿನಿಯ ಕೆಸರಿನಲ್ಲಿ ಓಡಾಡುವ ಸ್ಟಿಂಟ್ ಅನ್ನೋ ಪುಟ್ಟ ಹಕ್ಕಿಗಳನ್ನು ನೆನೆಸಿಕೊಳ್ಳಿ. ಕಾಲು ಕಪ್ಪಾದರೆ ಲಿಟಲ್, ಹಳದಿ-ಹಸಿರಾದರೆ ಟೆಮಿಂಕ್ಸ್. ಆ ಕಾಲಿನ ಬಣ್ಣಕ್ಕೆ 40, 45 ಬೇಕಾಗುತ್ತದೆ, ಅದರಲ್ಲೂ ಕಾಲಿಗೆ ಕೆಸರು ಮೆತ್ತಿದ್ದರೆ. ಹಾಗಾಗಿ ಎಲ್ಲರದ್ದಾದ ಸ್ಕೋಪಿಗೆ ಝೂಮ್ ಇರಲಿ. ರಂಗನತಿಟ್ಟಿನ ದೋಣಿಗೆ ಮಾತ್ರ ಸ್ಕೋಪ್ ಹೊತ್ತು ಹೋಗಬೇಡಿ, ಬೈನಾಕ್ಯುಲರ್ ಸಾಕು.

ಬೇಗ ಬೇಗ ಹೇಳುತ್ತೇನೆ. ಸಾಮಾನ್ಯವಾಗಿ ಒಂದು ಕಂಪನಿ ಐಪೀಸ್ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ನಂಬರ್ ಬದಲಾಗುತ್ತದೆ. ನಿಕಾನ್ ಮೊನಾರ್ಕ್‌ನ ಅದೇ ಝೂಮ್ 82 ಮಿಲಿಮೀಟರ್ ಸ್ಕೋಪಿನಲ್ಲಿ 20–60, 60 ಮಿಲಿಮೀಟರಿನದ್ದರಲ್ಲಿ 16–48. ಸ್ಕೋಪಿನ ನಾಭಿದೂರ (ಗಾಜಿನಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) ಬೇರೆ, ಅದಕ್ಕೆ. ಪೆಂಟಾಕ್ಸ್, ಸೆಲೆಸ್ಟ್ರಾನ್ ರೀಗಲ್ ಇಂಥವು ಖಗೋಳದವರ ಒಂದೂಕಾಲು ಇಂಚಿನ ಐಪೀಸನ್ನೂ ಒಪ್ಪುತ್ತವೆ. ಸ್ಕೋಪಿನ ನಾಭಿದೂರವನ್ನು ಐಪೀಸಿನದರಿಂದ ಭಾಗಿಸಿದರೆ ವರ್ಧನೆ; ಸ್ಕೋಪಿನದು 480 ಮಿಲಿಮೀಟರ್ ಇದ್ದರೆ 8–24 ಮಿಲಿಮೀಟರಿನ ಝೂಮ್ ಹಾಕಿ 20ರಿಂದ 60 ಪಟ್ಟು ಸಿಗುತ್ತದೆ. ದುಡ್ಡು ಉಳಿಯುತ್ತದೆ. ಆದರೆ ಅವುಗಳಲ್ಲಿ ಎಷ್ಟೋ ಮಳೆ ತಡೆಯುವಂಥವಲ್ಲ, ಕರಾವಳಿಗೆ ಹೋಗುವವರು ನೆನಪಿಡಿ. ಝೂಮ್ ತಿರುಗಿಸಿದ ಮೇಲೆ ಫೋಕಸ್ ಮತ್ತೆ ಸರಿ ಮಾಡಿ, ತುಂಬ ಜನ ಮರೆಯುತ್ತಾರೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಸಿಲಿಕಾ ಜೆಲ್ ಹಾಕಿ ಇಡಿ. ಟ್ರೈಪಾಡ್ ಬಗ್ಗೆ ಒಂದು ಪುಟ ಬರೆದಿದ್ದೆ. ಗಟ್ಟಿಯದು ತನ್ನಿ, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ 25–60ರ ವೈಡ್ ಝೂಮ್. ಲಕ್ಷಗಳ ಲೆಕ್ಕ ಬರುತ್ತದೆ, ಗೊತ್ತು. ದುಡ್ಡು ಸಾಲದಿದ್ದರೆ ಸ್ಕೋಪನ್ನು 80ರಿಂದ 65 ಮಿಲಿಮೀಟರಿಗೆ ಇಳಿಸಿ, ಐಪೀಸನ್ನು ಇಳಿಸಬೇಡಿ.

ಚಹಾ ಬಂತು ಅನ್ನಿಸುತ್ತದೆ. ಕಿಟಕಿ ಹತ್ತಿರ ಎರಡು ಸ್ಕೋಪ್ ಇಟ್ಟಿದ್ದೇವೆ, ಒಂದು ಸಾಮಾನ್ಯ ಝೂಮ್, ಒಂದು ವೈಡ್. ಎದುರಿನ ಅಂಗಡಿ ಬೋರ್ಡ್ ಓದಿ, ಮೇಲಿನ ಕರೆಂಟ್ ತಂತಿ ಅಂಚಿನಲ್ಲಿ ನೇರಳೆ ಬಣ್ಣ ಕಾಣುತ್ತದಾ ನೋಡಿ, ಅದು ಗಾಜಿನ ದೋಷ. ಕನ್ನಡಕದವರು ಕನ್ನಡಕ ತೆಗೆಯಬೇಡಿ. ನೋಡಿ ಆದ ಮೇಲೆ 60ರಲ್ಲೇ ಬಿಟ್ಟು ಹೋಗಬೇಡಿ, ಮುಂದಿನವರಿಗೆ ಚಿಕ್ಕ ನಂಬರಿಗೆ ತಂದು ಬಿಡಿ.