ಗುಂಡನ್ನು ತಡೆಯುವ ಗಾಳಿ

ಕೇಳುಗರೇ, ನಮಸ್ಕಾರ.

ನೆಲಕ್ಕೆ ಸಮವಾಗಿ ಹಿಡಿದ ಬಂದೂಕಿನಿಂದ ಒಂದು ಗುಂಡು ಹಾರಿತು ಅನ್ನಿ. ಅದೇ ಕ್ಷಣ, ಅದೇ ಎತ್ತರದಿಂದ ಇನ್ನೊಂದು ಗುಂಡನ್ನು ಸುಮ್ನೆ ಕೈಬಿಟ್ಟರು. ಮೊದಲು ನೆಲ ಮುಟ್ಟುವುದು ಯಾವುದು? ಕೈಬಿಟ್ಟದ್ದೇ ಅನಿಸುತ್ತದೆ, ಅಲ್ವಾ? ಗಾಳಿಯ ಮಾತು ಬಿಟ್ಟರೆ, ಎರಡೂ ಒಟ್ಟಿಗೇ ಬೀಳುತ್ತವೆ. ಗುಂಡು ಎಷ್ಟೇ ಜೋರಾಗಿ ಮುಂದಕ್ಕೆ ಓಡಲಿ, ಗುರುತ್ವ ಅದನ್ನು ಅಷ್ಟೇ ಬಲದಿಂದ ಕೆಳಗೆಳೆಯುತ್ತದೆ. ಓಟ, ಬೀಳುವಿಕೆ ಎರಡೂ ಸೇರಿ ಪರವಲಯ ಎನ್ನುವ ಬಾಗಿದ ದಾರಿ ಆಗುತ್ತದೆ ಎಂದು ಗೆಲಿಲಿಯೋ 1638ರಲ್ಲೇ ಬರೆದಿದ್ದರು.

ಚೆಂದದ ಲೆಕ್ಕ. ಆದರೆ ಗಾಳಿಯನ್ನು ಹಾಗೆ ಬಿಡಲಾಗುವುದಿಲ್ಲ. ಸೆಕೆಂಡಿಗೆ 800 ಮೀಟರ್ ವೇಗದಲ್ಲಿ, 45 ಡಿಗ್ರಿ ಓರೆಯಲ್ಲಿ ಹೊರಟ ರೈಫಲ್ ಗುಂಡು, ಗಾಳಿಯೇ ಇಲ್ಲದಿದ್ದರೆ ಸುಮಾರು 65 ಕಿಲೋಮೀಟರ್ ಹೋಗಬೇಕು. ನಿಜದಲ್ಲಿ ಐದಾರು ಕಿಲೋಮೀಟರ್ ದಾಟುವುದೂ ಕಷ್ಟ. ಉಳಿದದ್ದನ್ನೆಲ್ಲ ಗಾಳಿ ನುಂಗಿತು! ವೇಗ ಎರಡು ಪಟ್ಟಾದರೆ ಗಾಳಿಯ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ಮೀರಿದರಂತೂ, ಗುಂಡು ಬರುತ್ತಿರುವ ಸುಳಿವೇ ಮುಂದಿನ ಗಾಳಿಗೆ ಮುಟ್ಟುವುದಿಲ್ಲ. ಸರಿದುಕೊಳ್ಳಲಾಗದೆ ಅದು ಒತ್ತೊತ್ತಾಗಿ ಆಘಾತದ ಅಲೆಯಾಗುತ್ತದೆ. ಗುಂಡು ಹತ್ತಿರ ಹಾದುಹೋದಾಗ ಚಟೀರ್ ಎನ್ನುವುದು ಆ ಅಲೆಯೇ. ಆಗ ಗುಂಡಿನ ಮೇಲೆ ಗಾಳಿಯ ತಡೆ ಅದರ ತೂಕದ ಹತ್ತಾರು ಪಟ್ಟು ಇರುತ್ತದೆ.

ಇಷ್ಟೊಂದು ವೇಗವನ್ನು ಅಳೆಯುವುದು ಹೇಗೆ? ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಉಪಾಯ ನನಗೆ ಬಹಳ ಇಷ್ಟ. ಭಾರದ ಮರದ ದಿಮ್ಮಿಯನ್ನು ತೂಗುಬಿಟ್ಟು, ಅದಕ್ಕೆ ಗುಂಡು ಹೊಡೆಯುವುದು, ಅಷ್ಟೇ! ಗುಂಡು ಒಳಗೇ ಸಿಕ್ಕಿಕೊಳ್ಳುತ್ತದೆ, ದಿಮ್ಮಿ ತೂಗುತ್ತದೆ. ರಾಶಿ ಮತ್ತು ವೇಗದ ಗುಣಲಬ್ಧವಾದ ಸಂವೇಗ ಎಲ್ಲೂ ಕಳೆದುಹೋಗುವುದಿಲ್ಲ. 10 ಗ್ರಾಂ ಗುಂಡು 800 ಮೀಟರ್ ವೇಗದಲ್ಲಿ 8 ಕಿಲೋ ದಿಮ್ಮಿಗೆ ಹೊಕ್ಕರೆ, ದಿಮ್ಮಿ ಸೆಕೆಂಡಿಗೆ ಸುಮಾರು 1 ಮೀಟರಿನಂತೆ ಹೊರಡುತ್ತದೆ. ಕಣ್ಣಿಗೇ ಕಾಣದ ಓಟ ಸಾವಧಾನವಾಗಿ ಅಳೆಯುವಂತಾಯಿತು. ದಿಮ್ಮಿಯನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಇಟ್ಟು ಹೊಡೆದರೆ, ನಡುವೆ ಗಾಳಿ ಎಷ್ಟು ವೇಗ ಕಿತ್ತುಕೊಂಡಿತು ಎನ್ನುವುದೂ ಗೊತ್ತಾಗುತ್ತದೆ. ಅದು ಆ ಕಾಲದವರು ಎಣಿಸಿದ್ದಕ್ಕಿಂತ ತುಂಬಾ ಜಾಸ್ತಿಯಿತ್ತು.

ಗಾಳಿಯನ್ನು ಗೆಲ್ಲಲಾಗದಿದ್ದರೆ ಅದರ ಮೇಲಿಂದ ದಾಟಬೇಕು. 1918ರಲ್ಲಿ ಜರ್ಮನ್ನರು ಸುಮಾರು 120 ಕಿಲೋಮೀಟರ್ ದೂರದಿಂದ ಪ್ಯಾರಿಸ್ ಮೇಲೆ ಹಾರಿಸಿದ ಗುಂಡುಗಳು ಹೋದದ್ದು ಹಾಗೆಯೇ. ಆ ಫಿರಂಗಿಯನ್ನು 45ಕ್ಕಲ್ಲ, ಸುಮಾರು 50 ಡಿಗ್ರಿಗೆ ಎತ್ತಿದ್ದರು. ಗುಂಡು ಬೇಗ 40 ಕಿಲೋಮೀಟರ್ ಎತ್ತರದ ಆಸುಪಾಸಿಗೆ ಏರುತ್ತಿತ್ತು. ಅಲ್ಲಿ ಗಾಳಿ ತೀರಾ ತೆಳು, ತಡೆ ಇಲ್ಲವೆನ್ನುವಷ್ಟು ಕಡಿಮೆ. ದಾರಿಯ ಹೆಚ್ಚಿನ ಪಾಲು ಗೆಲಿಲಿಯೋ ಲೆಕ್ಕದಂತೆಯೇ ಸಾಗುತ್ತಿತ್ತು.

ನಮಸ್ಕಾರ.