ಗಿಂಡಿಯ ಮೂತಿ, ಹಲ್ಲಿನ ಬೇರು

ಎಲ್ಲರಿಗೂ ನಮಸ್ಕಾರ.

ರೂಟ್ ಕೆನಾಲ್ ಅಂದ ಕೂಡಲೇ ಜನ "ನರ ತೆಗೆಯೋದು" ಅನ್ನುತ್ತಾರೆ. ಆದರೆ ನರ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೀವಾದ ಹಲ್ಲಿನಲ್ಲಿ ದೊಡ್ಡ ಕೆಲಸವೇ ತೊಳೆಯುವುದು. ಇವತ್ತು ಅದರ ಬಗ್ಗೆ ಮಾತಾಡುತ್ತೇನೆ.

ಮನೆಯಲ್ಲಿ ಹಿತ್ತಾಳೆ ಗಿಂಡಿ ತೊಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಟ್ಟೆಯನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದು. ಮೂತಿಯೊಳಗೆ ಬೆರಳು ಹೋಗುವುದಿಲ್ಲ. ಕಡ್ಡಿ ತೂರಿಸಿದರೂ ಎಲ್ಲ ಕಡೆ ತಾಗುವುದಿಲ್ಲ. ಹುಣಸೆ ನೀರು ತುಂಬಿಸಿಟ್ಟು, ಕುಲುಕಿ ಕುಲುಕಿ ಚೆಲ್ಲಬೇಕು, ಅಲ್ವಾ?

ಹಲ್ಲಿನ ಬೇರು ಗಿಂಡಿಯ ಮೂತಿಗಿಂತ ಕಷ್ಟ. ಒಳಗಿನ ದಾರಿ ಬಾಗುತ್ತದೆ, ಕವಲೊಡೆಯುತ್ತದೆ, ಚಪ್ಪಟೆಯಾಗುತ್ತದೆ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು, ಆದರೆ ದಾರಿಗಳು ಎಷ್ಟೋ ಸಲ ನಾಲ್ಕು. 2001ರಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಅಂಥ ಹಲ್ಲುಗಳನ್ನು ಸೂಕ್ಷ್ಮ ಸಿಟಿ ಸ್ಕ್ಯಾನ್‌ನಲ್ಲಿ ನೋಡಿದರು. ಯಾವ ಫೈಲ್ (ಒಳಗಿನ ಗೋಡೆ ಕೆರೆಯುವ ಸೂಜಿಯಂಥ ಉಪಕರಣ) ಬಳಸಿದರೂ ಗೋಡೆಯ 35% ಅಥವಾ ಅದಕ್ಕಿಂತ ಜಾಸ್ತಿ ಭಾಗಕ್ಕೆ ಅದು ತಾಗಿರಲೇ ಇಲ್ಲ! ಹಾಗಾಗಿ ಫೈಲ್ ದಾರಿ ಬಿಡಿಸುತ್ತದೆ, ತೊಳೆಯುವುದು ದ್ರಾವಣ.

ತೊಳೆಯಲೇಬೇಕಾ? 1965ರಲ್ಲಿ ಕಾಕೆಹಾಶಿ ಮತ್ತು ಸಂಗಡಿಗರು ಇಲಿಗಳ ಹಲ್ಲು ಕೊರೆದು, ತಿರುಳು (ಹಲ್ಲಿನೊಳಗೆ ನರ, ರಕ್ತನಾಳ ಇರುವ ಮೆತ್ತನೆಯ ಭಾಗ) ಕಾಣುವಂತೆ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ಅದು ಕೊಳೆತು ಕೀವಾಯಿತು. ರೋಗಾಣುಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ತಿರುಳು ಬದುಕಿತು, ತೂತಿಗೆ ಅಡ್ಡಲಾಗಿ ಹೊಸ ದಂತದ್ರವ್ಯ, ಅಂದರೆ ಹಲ್ಲಿನ ಗಟ್ಟಿ ಪದಾರ್ಥ, ಬೆಳೆಯಿತು. ನಮ್ಮ ಶತ್ರು ಯಾರು ಅಂತ ಇದಕ್ಕಿಂತ ಚೆನ್ನಾಗಿ ಯಾವುದೂ ಹೇಳುವುದಿಲ್ಲ.

ಮುಖ್ಯ ದ್ರಾವಣ ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆಯ ಬ್ಲೀಚ್‌ನಲ್ಲಿರುವುದೂ ಇದೇ. ಮೊದಲ ಮಹಾಯುದ್ಧದಲ್ಲಿ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಇದರ 0.5% ದ್ರಾವಣವನ್ನು ಸೈನಿಕರ ಗಾಯ ತೊಳೆಯಲು ಸಿದ್ಧಪಡಿಸಿದ್ದರು. ಹಲ್ಲಿಗೆ 0.5ರಿಂದ 5.25%ವರೆಗೆ ಬಳಸುತ್ತಾರೆ. ಇದು ರೋಗಾಣು ಕೊಲ್ಲುತ್ತದೆ, ಸತ್ತ ತಿರುಳನ್ನೂ ಕರಗಿಸುತ್ತದೆ. ಕರಗಿಸುತ್ತಾ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಮತ್ತೆ ಮತ್ತೆ ಹೊಸದು ಹಾಕಬೇಕು. ಸುಮ್ನೆ ತುಂಬಿಸಿದರೂ ಸಾಲದು, ಕುಲುಕಬೇಕು. ಅದಕ್ಕೆ ಅತಿ ವೇಗವಾಗಿ ಕಂಪಿಸುವ ಅಲ್ಟ್ರಾಸಾನಿಕ್ ತುದಿ ಇದೆ. ಅದಿಲ್ಲದಿದ್ದರೆ ಅಳತೆಗೆ ಸರಿಯಾದ ಗಟ್ಟಾಪರ್ಚಾ ಕಡ್ಡಿಯನ್ನು (ಕೊನೆಗೆ ಬೇರು ತುಂಬಿಸಲು ಬಳಸುವ ರಬ್ಬರಿನಂಥ ಕಡ್ಡಿ) ಮೇಲೆ ಕೆಳಗೆ ಆಡಿಸಿದರೂ ಉಪಯೋಗವಾಗುತ್ತದೆ.

ಒಂದು ಅಪಾಯವಿದೆ. ಈ ದ್ರಾವಣ ಬೇರಿನ ತುದಿ ದಾಟಿದರೆ ಮುಖ ಊದಿ, ವಿಪರೀತ ನೋವಾಗುತ್ತದೆ. ಅದಕ್ಕೇ ಪಕ್ಕದಲ್ಲಿ ತೂತಿರುವ ಸೂಜಿ ಒಳ್ಳೆಯದು. ಅದು ಗೋಡೆಗೆ ಸಿಕ್ಕಿಕೊಳ್ಳಬಾರದು. ನಿಧಾನವಾಗಿ ಒತ್ತಬೇಕು.

ಫೈಲ್ ಆಡಿದಾಗ ಗೋಡೆಗೆ ಕೆಸರು ಮೆತ್ತಿಕೊಳ್ಳುತ್ತದೆ. ಅದನ್ನು ಇಡಿಟಿಎ ಎಂಬ ರಾಸಾಯನಿಕದ 17% ದ್ರಾವಣ ತೆಗೆಯುತ್ತದೆ. ಕೆಲವರು ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕವನ್ನೂ ಬಳಸುತ್ತಾರೆ. ಅದು ಹೈಪೋಕ್ಲೋರೈಟ್ ಜೊತೆ ಬೆರೆತರೆ ಕಂದು ಬಣ್ಣದ ಗಸಿ ಕೂರುತ್ತದೆ, ಹಾಗಾಗಿ ನಡುವೆ ತೊಳೆದುಕೊಳ್ಳಬೇಕು.

ಇನ್ನು ರಬ್ಬರ್ ಡ್ಯಾಮ್. ಹಲ್ಲೊಂದನ್ನು ಬಿಟ್ಟು ಬಾಯಿಗೆ ಹೊದಿಸುವ ರಬ್ಬರ್ ಹಾಳೆ. 1864ರಲ್ಲಿ ಸ್ಯಾನ್‌ಫರ್ಡ್ ಬಾರ್ನಮ್ ಎಂಬ ಅಮೆರಿಕದ ದಂತವೈದ್ಯರು ತಂದದ್ದು. ಒಳಗೆ ತೊಳೆಯುತ್ತಾ ಇದ್ದರೆ, ಹೊರಗಿನಿಂದ ಎಂಜಲು ಇಳಿಯುತ್ತಾ ಇದ್ದರೆ ಏನು ಪ್ರಯೋಜನ? ಅದಿಲ್ಲದೆ ಈ ಕೆಲಸ ಮಾಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. "ಡಾಕ್ಟ್ರೇ, ರಬ್ಬರ್ ಡ್ಯಾಮ್ ಹಾಕ್ತೀರಾ?" ಅಂತ ಕೇಳಿ. ಸಂಕೋಚ ಬೇಡ.

ಕೀವು ನಿಲ್ಲದಿದ್ದರೆ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಒಂದೆರಡು ವಾರ ಬಿಡುತ್ತೇವೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣದಲ್ಲಿ ಇರುವುದೂ ಇದೇ. ಹಾಗಂತ ಮನೆಯ ಸುಣ್ಣ ಹಲ್ಲಿಗೆ ತುಂಬಬೇಡಿ, ಬಾಯಿ ಸುಡುತ್ತದೆ. ಮೇಲೆ ಹಾಕಿದ ತಾತ್ಕಾಲಿಕ ಸಿಮೆಂಟ್ ಬಹಳ ದಿನ ತಡೆಯುವುದಿಲ್ಲ. ನೋವು ಹೋಯಿತು ಅಂತ ಎಷ್ಟೋ ಜನ ಈ ಹಂತದಲ್ಲೇ ನಿಲ್ಲಿಸಿಬಿಡುತ್ತಾರೆ. ಸಿಮೆಂಟ್ ಸವೆದ ಕಡೆಯಿಂದ ಎಂಜಲು ಇಳಿಯುತ್ತದೆ. ತೊಳೆದ ಬೇರು ಮತ್ತೆ ಕೊಳೆಯಾಗುತ್ತದೆ. ಕೊಟ್ಟ ತಾರೀಖಿಗೆ ದಯವಿಟ್ಟು ಬನ್ನಿ.