ಕೈಕಾಲು ಗಟ್ಟಿ ಇರುವಾಗಲೇ

ಕೇಳುಗರಿಗೆ ನಮಸ್ಕಾರ. "ಕೈಕಾಲು ಗಟ್ಟಿ ಇರುವಾಗಲೇ ದೇವರು ಕರಕೊಂಡ್ರೆ ಸಾಕು." ಹಿರಿಯರ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಅವರಿಗೆ ಸಾಯುವ ಭಯಕ್ಕಿಂತ ಹಾಸಿಗೆ ಹಿಡಿಯುವ ಭಯವೇ ಹೆಚ್ಚು.

ನೆಲದ ಮೇಲೆ ಊಟಕ್ಕೆ ಕೂತವರು ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ, ಗಮನಿಸಿ. ನಲವತ್ತರಲ್ಲಿ ಎಲ್ಲಿಗೂ ಇಲ್ಲ. ಅರವತ್ತರಲ್ಲಿ ಮಂಡಿಯ ಮೇಲೆ. ಎಪ್ಪತ್ತೈದರಲ್ಲಿ ಗೋಡೆಗೆ, ಇಲ್ಲವೇ ಸೊಸೆಯ ಹೆಗಲಿಗೆ. ಇದನ್ನೆಲ್ಲ ನಾವು ಮಂಡಿನೋವಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಎಷ್ಟೋ ಸಲ ಸೋತಿರುವುದು ಮಂಡಿಯಲ್ಲ, ಅದರ ಮೇಲಿರುವ ತೊಡೆಯ ಸ್ನಾಯು.

ವಯಸ್ಸಾದಂತೆ, ಬೆನ್ನುಹುರಿಯಿಂದ ಸ್ನಾಯುವಿಗೆ ಅಪ್ಪಣೆ ಒಯ್ಯುವ ನರಕೋಶಗಳು ಕಡಿಮೆಯಾಗುತ್ತಾ ಬರುತ್ತವೆ. ಅವನ್ನೇ ನೆಚ್ಚಿಕೊಂಡಿದ್ದ ಸ್ನಾಯುವಿನ ಎಳೆಗಳು ಸೊರಗುತ್ತವೆ. ಹೆಚ್ಚು ಸೊರಗುವುದು ಥಟ್ಟನೆ ಬಲ ಕೊಡುವ ಎಳೆಗಳು. ಎಡವಿದಾಗ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದವು ಅವೇ.

ಹಾಗಾದರೆ ಇದು ಹಣೆಬರಹವೇ? ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರ 10 ಮಂದಿಯಿಂದ ವೈದ್ಯೆ ಮರಿಯಾ ಫಿಯಾಟರೋನೆ ಮತ್ತು ಸಂಗಡಿಗರು ಕಾಲಿನಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90! ಎಂಟು ವಾರ ಪೂರೈಸಿದ 9 ಮಂದಿಯ ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತು, ಇಬ್ಬರು ಊರುಗೋಲು ಬಿಟ್ಟು ನಡೆದರು. 1990ರಲ್ಲಿ ಇದು ಅಚ್ಚಾಯಿತು. ಭಾರ ಎತ್ತುವುದನ್ನು ನಿಲ್ಲಿಸಿದ ಮೇಲೆ ಬಲ ಮತ್ತೆ ಇಳಿಯಿತು ಅನ್ನುವುದನ್ನೂ ಹೇಳಿಬಿಡಬೇಕು.

"ದಿನಾ ವಾಕಿಂಗ್ ಹೋಗ್ತೀನಲ್ಲ" ಅನ್ನುತ್ತೀರಿ. ಹೋಗಿ. ಹೃದಯಕ್ಕೆ, ಸಕ್ಕರೆ ಕಾಯಿಲೆಗೆ ಅದು ಒಳ್ಳೆಯದೇ. ಆದರೆ ಪಾರ್ಕಿನಲ್ಲಿ ಹರಟುತ್ತಾ ಸುತ್ತುವವರ ತೊಡೆಗೆ ಹೊಸ ಭಾರವೇನೂ ಬೀಳುವುದಿಲ್ಲ. ಸ್ನಾಯು ತಾನಾಗಿ ಬೆಳೆಯುವುದಿಲ್ಲ, ಕೇಳಿದಷ್ಟೇ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷದ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಹೇಳಿರುವುದು ಸುಮ್ಮನೆ ಅಲ್ಲ.

ಮನೆಯಲ್ಲೇ ಶುರು ಮಾಡಬಹುದು. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ದೊಪ್ಪೆಂದು ಬೀಳದೆ ನಿಧಾನಕ್ಕೆ ಇಳಿಯಿರಿ. ಎದೆನೋವು ಇದ್ದವರು, ಈಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಮಾಡಿ.

ನನ್ನ ಅಮ್ಮ ಮೂರು ಸಲದಿಂದ ಶುರು ಮಾಡಿದಳು. ಮೊನ್ನೆ "ಎಷ್ಟಾಯ್ತಮ್ಮಾ?" ಅಂದೆ. "ಮಾತಾಡಿಸಿ ಲೆಕ್ಕ ತಪ್ಪಿಸಿದೆ" ಎಂದು ಬೈದು, ಮತ್ತೆ ಒಂದರಿಂದ ಎಣಿಸಿದಳು.

ನಮಸ್ಕಾರ.